ನಮ್ಮ ಕಾರನ್ನು ಕದಿಯದೇ ಹೋದ ಕಳ್ಳರಿಗೆ

ಮಾನ್ಯ ಕಳ್ಳರೇ,

ತಾವು ಸಕುಟುಂಬ ಕ್ಷೇಮವಾಗಿಯೂ ಜೈಲಿನಿಂದ ಹೊರಗೂ ಇದ್ದೀರೆಂದು ನಂಬಿ, ಕೈಮುಗಿದು ಈ ಪತ್ರ ಬರೆಯುತ್ತಿದ್ದೇನೆ. ವಿಳಾಸ ಬಿಟ್ಟುಹೋಗುವ ವೃತ್ತಿ ತಮ್ಮದಲ್ಲವಾದ್ದರಿಂದ, ಅಂಚೆಯ ಬದಲು ಪತ್ರಿಕೆಯ ಮೂಲಕ ತಮ್ಮನ್ನು ತಲುಪಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ನಾನು ಯಂತ್ರಗಳ ಬಿಡಿಭಾಗದ ಉಗ್ರಾಣವೊಂದರಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಮೇಲ್ವಿಚಾರಕ. ನಾಲ್ಕು ಸಾವಿರ ಡಬ್ಬಿಗಳಲ್ಲಿ ಯಾವ ಬೋಲ್ಟು ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮನೆಯಲ್ಲಿ ಇದನ್ನು ಹೇಳಿಕೊಳ್ಳದ ದಿನಗಳೂ ಕಡಿಮೆಯೇ. ಇಂಥ ನಾನು, ಕಾರು ಕೊಂಡ ವಾರವೇ ತಮ್ಮನ್ನು ನೆನೆದು ಅದಕ್ಕೊಂದು ಗುಟ್ಟಿನ ಸ್ವಿಚ್ಚು ಹಾಕಿದೆ. ಅದನ್ನು ಒತ್ತದೆ ಕೀಲಿ ಎಷ್ಟು ತಿರುಗಿಸಿದರೂ ಎಂಜಿನ್ನು ಹತ್ತಿಕೊಳ್ಳುವುದಿಲ್ಲ. ತಮ್ಮಂಥ ಬುದ್ಧಿವಂತರು ಪತ್ತೆ ಹಚ್ಚಿಬಿಟ್ಟಾರೆಂಬ ಗೌರವಪೂರ್ವಕ ಭಯದಿಂದ ಅದರ ಜಾಗವನ್ನು ಎರಡು ಸಲ ಬದಲಿಸಿದೆ. ಹೆಂಡತಿಗೆ ಜಾಗವಿರಲಿ, ಸ್ವಿಚ್ಚು ಇರುವ ಸುದ್ದಿಯನ್ನೂ ಹೇಳಲಿಲ್ಲ.

ಕೆಲವು ವರ್ಷ ಕಾರು ಓಡಿಸಿದ ಮೇಲೆ, ನನಗೆ ಉಗ್ರಾಣದ ಇನ್ನೊಂದು ಶಾಖೆಗೆ ವರ್ಗವಾಗಿ ನಾವಿಬ್ಬರೂ ನಾಲ್ಕು ವರ್ಷ ಬೇರೆ ಊರಿನಲ್ಲಿರಬೇಕಾಯಿತು. ಕಾರು ಮನೆಯ ಪಕ್ಕದ ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿತು. ಈ ಅವಧಿಯಲ್ಲಿ ತಾವು ನಮ್ಮ ಬೀದಿಗೆ ಬಾರದೇ ಇರಲಿಲ್ಲ. ಎದುರುಮನೆಯ ದರ್ಜಿಯವರ ಸೈಕಲ್ಲು ಒಯ್ದಿರಿ, ಮೂಲೆಮನೆಯ ದಂತವೈದ್ಯರ ನೀರಿನ ಪಂಪು ಒಯ್ದಿರಿ, ನಮ್ಮ ಶೆಡ್ಡಿಗೂ ದಯಮಾಡಿಸಿ ಕಾರಿನ ಹೊದಿಕೆಯನ್ನು ಒಯ್ದು ಕಾರನ್ನು ಮಾತ್ರ ಅಲ್ಲೇ ಬಿಟ್ಟಿರಿ. ಕೀಲಿರಂಧ್ರದ ಸುತ್ತ ಒಂದು ಗೀರಿಲ್ಲ, ದೂಳು ಹಿಡಿದ ಬಾಗಿಲ ಮೇಲೆ ಒಂದು ಬೆರಳ ಗುರುತಿಲ್ಲ. ಇದನ್ನು ಅವಮಾನವೆಂದು ಕರೆಯಲು ನನಗೆ ಮನಸ್ಸಿಲ್ಲ. ಬೇರೆ ಪದ ಇನ್ನೂ ಹುಡುಕುತ್ತಿದ್ದೇನೆ.

ಕಳೆದ ತಿಂಗಳು ಹಿಂದಿರುಗಿದೆವು. ನರ್ಸ್ ಆಗಿರುವ ನನ್ನ ಹೆಂಡತಿಗೆ ಊರಾಚೆಯ ಆರೋಗ್ಯ ಕೇಂದ್ರದಲ್ಲಿ, ಎರಡು ವರ್ಷ ಕಾದ ಮೇಲೆ ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಏಳಕ್ಕೆ ಹಾಜರಾಗದಿದ್ದರೆ ಅದು ಪಟ್ಟಿಯಲ್ಲಿ ಮುಂದಿನವರ ಪಾಲು. ಅಲ್ಲಿಗೆ ಮೊದಲ ಬಸ್ಸು ಹೊರಡುವುದೇ ಹತ್ತಕ್ಕೆ. ಆಕೆ ಐವತ್ತು ದಾಟಿದ ಮೇಲೆ ಕಾರು ಕಲಿತು ಲೈಸೆನ್ಸು ತೆಗೆದುಕೊಂಡಿದ್ದಳು. ಇನ್ನು ಕಾರು ಹೊರಟರೆ ಸಾಕಿತ್ತು.

ಮೆಕ್ಯಾನಿಕ್ ಬಂದರು. ಬ್ಯಾಟರಿ ಸತ್ತಿತ್ತು, ಹೊಸದು ಹಾಕಿದರು, ಹಳೆಯ ಪೆಟ್ರೋಲು ವಾರ್ನಿಷಿನಂತೆ ನಾರುತ್ತಿತ್ತು, ಬಸಿದು ಟ್ಯಾಂಕು ತೊಳೆದರು, ಏರ್ ಫಿಲ್ಟರಿನಲ್ಲಿ ಇಲಿಯೊಂದು ನನ್ನದೇ ಕಾಲುಚೀಲದಿಂದ ಗೂಡು ಕಟ್ಟಿತ್ತು, ಅದನ್ನೂ ಬಿಡಿಸಿದರು, ಪ್ಲಗ್ಗು ಬದಲಿಸಿದರು. ಎಂಜಿನ್ನು ಕರ್ರೆಂದು ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಕೊನೆಗೆ ಅವರು ತಲೆ ಕೆರೆದುಕೊಂಡು, “ಪ್ಲಗ್ಗಿಗೆ ಕರೆಂಟೇ ಬರ್ತಿಲ್ವಲ್ಲ ಸಾರ್, ಗುಟ್ಟಾಗಿ ಸ್ವಿಚ್ಚು ಗಿಚ್ಚು ಏನಾದ್ರೂ ಹಾಕ್ಸಿದ್ದೀರಾ?” ಎಂದು ಕೇಳಿದರು. ಹೆಂಡತಿ ಪಕ್ಕದಲ್ಲೇ ಟಾರ್ಚು ಹಿಡಿದು ನಿಂತಿದ್ದಳು. ಹಾಕಿದ್ದೇನೆ, ಎಲ್ಲಿ ಎಂಬುದು ಮರೆತಿದೆ ಎಂದು ನಾಲ್ಕು ಸಾವಿರ ಡಬ್ಬಿಗಳ ಯಜಮಾನ ಹೇಗೆ ಹೇಳಲಿ? “ಛೆ, ಅಂಥದ್ದೆಲ್ಲ ನಮ್ಮಲ್ಲಿಲ್ಲಪ್ಪ” ಎಂದುಬಿಟ್ಟೆ. ಹಾಗಾದರೆ ವೈರಿಂಗು ಪೂರ್ತಿ ಬಿಚ್ಚಬೇಕು, ಎರಡು ವಾರ ಹಿಡಿಯುತ್ತದೆ ಎಂದು ಅವರು ಹೊರಟುಹೋದರು.

ಅಂದಿನಿಂದ ಮೂರು ದಿನ, ಕಾರು ಒರೆಸುವ ನೆಪದಲ್ಲಿ ನಾನು ತಮ್ಮ ಕೆಲಸವನ್ನೇ ಮಾಡಿದೆ. ರೇಡಿಯೋದ ಹಿಂದೆ, ಸ್ಟೀರಿಂಗಿನ ಕೆಳಗೆ, ಡಿಕ್ಕಿಯ ಚಾಪೆಯಡಿ ಕೈಯಾಡಿಸಿದೆ. ಸಿಕ್ಕಿದ್ದು ಹಳೆಯ ಸ್ವಿಚ್ಚುಗಳಿದ್ದ ಎರಡು ತೂತು ಮಾತ್ರ. ಆಗ ತಮ್ಮ ಮೇಲೆ ಹುಟ್ಟಿದ ಅಭಿಮಾನ ಹೇಳತೀರದು. ನಾಲ್ಕು ವರ್ಷದಲ್ಲಿ ತಾವು ಒಮ್ಮೆ ಮನಸ್ಸು ಮಾಡಿದ್ದರೆ ಎರಡು ನಿಮಿಷದಲ್ಲಿ ಸ್ವಿಚ್ಚು ಹುಡುಕುತ್ತಿದ್ದಿರಿ, ದಿನಾ ಓಡಿಸಿ ಬ್ಯಾಟರಿಯ ಜೀವ ಉಳಿಸುತ್ತಿದ್ದಿರಿ, ಪೊಲೀಸರು ಹಿಡಿದು ತರುವಾಗ ಕಾರು ಸುಸ್ಥಿತಿಯಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಶನಿವಾರ ಸಂಜೆ ಹೆಂಡತಿ ಊಟದ ಮೇಜಿನ ಮುಂದೆ ಕೂತು ಆರೋಗ್ಯ ಕೇಂದ್ರಕ್ಕೆ ಪತ್ರ ಬರೆಯುತ್ತಿದ್ದಳು. ಕೆಲಸ ಬೇಡವೆಂದು ಬರೆಯುತ್ತಿದ್ದಾಳೆಂದುಕೊಂಡೆ. ನಾಚಿಕೆಯಾಯಿತು, ಮುಚ್ಚಿಡುವುದೇಕೆ. ಎದುರು ಕೂತು, ಸ್ವಿಚ್ಚಿನಿಂದ ಹಿಡಿದು ಸುಳ್ಳಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಪೆನ್ನಿನ ಮುಚ್ಚಳ ಹಾಕಿ, ಎದ್ದುಹೋಗಿ ಕಾರಿನಲ್ಲಿ ಕೂತು, ಪಕ್ಕದ ಸೀಟಿನಡಿ ಕೈ ಹಾಕಿ, ಕೀಲಿ ತಿರುಗಿಸಿದಳು. ಕಾರು ಕೆಮ್ಮಿತು, ಹೊಗೆಯುಗುಳಿತು, ಸ್ಟಾರ್ಟ್ ಆಯಿತು. “ಅಷ್ಟು ವರ್ಷ ನಾನು ಕೂತಿರೋ ಸೀಟಿನ ಕೆಳಗೇ ಕೈ ಹಾಕ್ತಿದ್ರಿ, ನಂಗೆ ಗೊತ್ತಾಗಲ್ವಾ? ಬಾಯಿಬಿಟ್ಟು ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ. ಇವತ್ತೂ ಹೇಳದಿದ್ರೆ ನಾಳೆ ಮೆಕ್ಯಾನಿಕ್‌ಗೆ ನಾನೇ ತೋರಿಸ್ತಿದ್ದೆ,” ಎಂದಳು. ಮೇಜಿನ ಮೇಲಿದ್ದದ್ದು ಕೆಲಸಕ್ಕೆ ಸೇರುವಾಗ ಸೋಮವಾರ ಕೊಡಬೇಕಾದ ಹಾಜರಾತಿ ಪತ್ರ. ಸೋಮವಾರ ಏಳಕ್ಕೆ ಹತ್ತು ನಿಮಿಷ ಮೊದಲೇ ಆಕೆ ಅಲ್ಲಿದ್ದಳು.

ಆದ್ದರಿಂದ ಮಾನ್ಯರೇ, ಇನ್ನು ಮುಂದಾದರೂ ನಾವು ಊರಿನಲ್ಲಿಲ್ಲದಾಗ ವರ್ಷಕ್ಕೊಮ್ಮೆ ಬಂದು, ನಮ್ಮ ಕಾರು ಕದಿಯಲು ಯೋಗ್ಯವೆಂದು ಒಂದು ಪ್ರಮಾಣಪತ್ರ ಸಿಕ್ಕಿಸಿ ಹೋಗಬೇಕೆಂದೂ, ಗಂಡಂದಿರು ಬಚ್ಚಿಟ್ಟು ಮರೆಯುವ ವಸ್ತುಗಳ ದಾಖಲೆಯನ್ನು ತಮ್ಮ ಬಳಿ ಇಟ್ಟುಕೊಂಡು ಕೇಳಿದಾಗ ತೋರಿಸಬೇಕೆಂದೂ, ಅನುಕೂಲವಾದರೆ ಹೊದಿಕೆಯನ್ನು ಒಗೆದು ಮರಳಿಸಬೇಕೆಂದೂ ವಿನಂತಿಸುತ್ತೇನೆ.

ಇಂತು, ಬಾಗಿಲಿಗೆ ಮಾತ್ರ ಬೀಗ ಹಾಕಿಕೊಂಡಿರುವ
ತಮ್ಮ ವಿಶ್ವಾಸಿ,
ಉಗ್ರಾಣದ ಮೇಲ್ವಿಚಾರಕ

ತಾಜಾ ಕಲಂ: ನಿನ್ನೆ ನಾನು ಕೆಲಸಕ್ಕೆ ಹೋಗಿದ್ದಾಗ ಹೆಂಡತಿ ಮೆಕ್ಯಾನಿಕ್ಕನ್ನು ಕರೆಸಿ ಸ್ವಿಚ್ಚಿನ ಜಾಗ ಬದಲಿಸಿದ್ದಾಳೆ. ಎಲ್ಲಿಗೆಂದು ನನಗೆ ಹೇಳಿಲ್ಲ. ತಮಗೇನಾದರೂ ಸಿಕ್ಕರೆ ದಯವಿಟ್ಟು ಕಾರನ್ನು ಒಯ್ಯಬೇಡಿ, ಆಕೆಗೆ ಏಳಕ್ಕೆ ಡ್ಯೂಟಿಯಿದೆ. ಜಾಗ ಎಲ್ಲೆಂದು ಒಂದು ಚೀಟಿ ಬರೆದು ನನ್ನ ಕಿಸೆಗೆ ಹಾಕಿ ಹೋಗಿ, ಕಿಸೆಗೆ ಕೈ ಹಾಕುವುದು ತಮಗೆ ಹೊಸದೇನಲ್ಲವಲ್ಲ.