ನೂರೈವತ್ತು ಡಿಗ್ರಿಯ ಮಾವ

ನನ್ನ ಸೋದರಮಾವನನ್ನು ಒಂದು ವಾರ ನಿಮ್ಮ ಮನೆಯಲ್ಲಿಟ್ಟುಕೊಳ್ಳಿ. ಆಮೇಲೂ ನಿಮಗೆ ತಲೆ ನೆಟ್ಟಗಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ! ನಾನು ಎರಡು ವರ್ಷ ಇಟ್ಟುಕೊಂಡಿದ್ದೆ. ಸುಸ್ತಾಗಿದೆ ಮಾರಾಯ್ರೇ.

ಮಾವ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯ ಗೋಜಿಗೆ ಹೋಗಲಿಲ್ಲ. ಮುಂಬಯಿಯ ದಾದರಿನ ಚಾಳಿನ ಒಂದು ಖೋಲಿಯಲ್ಲಿ ಮೂವತ್ತಾರು ವರ್ಷ ಕಳೆದರು. ಚಾಳು ಒಡೆದು ಟವರ್ ಕಟ್ಟಲು ಬಿಲ್ಡರ್ ಬಂದಾಗ, "ಹೊಸ ಮನೆ ಸಿಗುವ ತನಕ ನಮ್ಮಲ್ಲಿರಿ" ಎಂದು ಘಾಟ್ಕೋಪರಿಗೆ ಕರೆದವಳು ನಾನೇ. ಒಂದು ಟ್ರಂಕು ತಂದರು. ಅದನ್ನು ಖಾಲಿ ಮಾಡಲೇ ಇಲ್ಲ. ಬೇಕಾದ ಅಂಗಿಯನ್ನು ಅದರಿಂದ ಎಳೆಯುವುದು, ಒಗೆದ ಮೇಲೆ ಮತ್ತೆ ಅದರೊಳಗೇ ತುರುಕುವುದು. ನಮ್ಮ ಮನೆಯನ್ನು ಒಂದು ದಿನವೂ "ಮನೆ" ಎನ್ನಲಿಲ್ಲ. "ನಿಮ್ಮಲ್ಲಿ ಸಕ್ಕರೆ ಮುಗಿದಿದೆ" ಎನ್ನುತ್ತಿದ್ದರು. ದಿನಕ್ಕೆ ಆರು ಚಹಾ ಕುಡಿದು ಮುಗಿಸಿದವರು ಯಾರು ಸ್ವಾಮಿ?

ಲಿಫ್ಟಿನಲ್ಲಿ ಪಕ್ಕದ ಫ್ಲಾಟಿನವರು "ಕೈಸೇ ಹೋ ಅಂಕಲ್?" ಎಂದರೆ ಇವರ ಉತ್ತರ, "ಮೈನಸ್ ಒನ್ ಔರ್ ಪ್ಲಸ್ ಒನ್ ಕೇ ಬೀಚ್!" ಅಂದರೆ ಮಿತಿಯೊಳಗೆ ಆರಾಮಾಗಿದ್ದೇನೆ ಎಂದು! ಸೈನಿನಿಂದ ಕೋನಕ್ಕೆ ವಾಪಸ್ ಹೋಗುವ ಸೈನ್ ಇನ್ವರ್ಸಿಗೆ ಮೈನಸ್ ಒಂದರಿಂದ ಪ್ಲಸ್ ಒಂದರೊಳಗಿನ ಸಂಖ್ಯೆಯನ್ನೇ ಕೊಡಬೇಕಂತೆ, ಅದರಾಚೆ ಉತ್ತರವೇ ಇಲ್ಲವಂತೆ. ಪಾಪ, ಆ ಮನುಷ್ಯ ಕನ್ನಡಕದ ನಂಬರ್ ಎಂದುಕೊಂಡು ಸಂಜೆ ಕಣ್ಣಿನ ಡಾಕ್ಟರರ ಕಾರ್ಡು ತಂದುಕೊಟ್ಟರು.

ಫೋರ್ಟಿನ ಆಫೀಸು ಮುಗಿಸಿ, ಲೋಕಲ್ ರೈಲಿನಲ್ಲಿ ಹಿಂಡಿಸಿಕೊಂಡು ಮನೆಗೆ ಬಂದರೆ ಹಾಸಿಗೆಯ ಮೇಲೆ ಒದ್ದೆ ಟವೆಲ್. "ಮಾವ, ಇದು ಯಾಕೆ ಇಲ್ಲಿ?" ಎಂದರೆ "ಸೈನ್ ಇನ್ವರ್ಸ್ ಟೂ!" ಎರಡು ಆ ಮಿತಿಯ ಹೊರಗೆ, ಅಂದರೆ ಕೇಳಲೇಬಾರದ ಪ್ರಶ್ನೆ ಎಂದರ್ಥ! ಅಡುಗೆಮನೆಯ ಟೈಲ್ಸ್ ತುಂಬ ಚಾಕ್‌ಪೀಸಿನ ಬರಹ. ಒಗ್ಗರಣೆ ಹಾಕುವ ಮೊದಲು ನಾನು ಸೂತ್ರ ಒರೆಸಬೇಕು. ಯಾವ ಜನ್ಮದ ಋಣವೋ!

ಆ ಬರಹವೆಲ್ಲ ನನ್ನ ಮಗಳಿಗೆ. ಹನ್ನೆರಡನೆಯ ಕ್ಲಾಸಿನ ಪ್ರಿಲಿಮ್ಸ್‌ನಲ್ಲಿ ಗಣಿತದಲ್ಲಿ ಫೇಲಾಗಿದ್ದಳು. ಒಂದು ಸಂಜೆ ಇಬ್ಬರಿಗೂ ಜಗಳ ಹತ್ತಿತು. ಮೂವತ್ತು ಡಿಗ್ರಿಗೂ ನೂರೈವತ್ತು ಡಿಗ್ರಿಗೂ ಸೈನ್ ಒಂದೇ, ಅರ್ಧ. ಸೈನ್ ಇನ್ವರ್ಸ್ ಹಿಡಿದು ಆ ಅರ್ಧದಿಂದ ಹಿಂದಕ್ಕೆ ಹೋದರೆ ಯಾವ ಕೋನಕ್ಕೆ ಮುಟ್ಟುತ್ತೇವೆ? ಮಗಳು ನೂರೈವತ್ತು ಬರೆದಿದ್ದಳು. ಮಾವ ಅಡ್ಡಗೆರೆ ಎಳೆದರು.

"ನೂರೈವತ್ತರಿಂದಲೇ ಹೊರಟೆ ಅಲ್ವಾ ಅಜ್ಜ? ವಾಪಸ್ ಅಲ್ಲಿಗೇ ಜಾನಾ ಚಾಹಿಯೇ ನಾ?"

"ಎಲ್ಲಿಂದ ಹೊರಟರೂ ಮೂವತ್ತಕ್ಕೇ ಬರಬೇಕು. ಅದೇ ಪ್ರಿನ್ಸಿಪಲ್ ಬ್ರಾಂಚ್. ಮೂಲದ ಮನೆ ಇದ್ದ ಹಾಗೆ."

"ಕಿಸ್ನೇ ಬೋಲಾ? ದೇವರಾ?"

ಮಾವ ಚಾಕ್‌ಪೀಸ್ ಕೆಳಗಿಟ್ಟು ಎದ್ದುಹೋದರು. ಮರುದಿನ ಬೆಳಿಗ್ಗೆ ಚಹಾ ಹೀರುತ್ತಾ, ತಪ್ಪೊಪ್ಪಿಗೆ ಕೊಡುವವರ ಹಾಗೆ ಹೇಳಿದರು, "ದೇವರಲ್ಲ. ನಾವೇ ಎಲ್ಲರೂ ಸೇರಿ ಒಪ್ಪಿಕೊಂಡದ್ದು. ಬೇರೆ ಬ್ರಾಂಚನ್ನೂ ಆರಿಸಿಕೊಳ್ಳಬಹುದು, ಆಗ ನಿನ್ನ ನೂರೈವತ್ತು ಸರಿ. ಆದರೆ ಮೊದಲೇ ಬಾಯಿಬಿಟ್ಟು ಹೇಳಬೇಕು."

ಮಗಳು ಬೋರ್ಡ್ ಪರೀಕ್ಷೆಯಲ್ಲಿ ಪಾಸಾದಳು. ಅದೇ ತಿಂಗಳು ದಾದರಿನ ಟವರಿನ ಬೀಗದ ಕೈ ಸಿಕ್ಕಿತು. ಎರಡು ವರ್ಷದಿಂದ ನಾನು ಕಾಯುತ್ತಿದ್ದ ದಿನ! ಮಾವ ಭಾನುವಾರ ಬೆಳಿಗ್ಗೆ ಟ್ರಂಕನ್ನು ಟ್ಯಾಕ್ಸಿಗೆ ಹಾಕಿಸಿದರು. "ಇನ್ನು ನೀನು ಆರಾಮಾಗಿರು ಮಗಳೇ" ಎಂದರು. ನಾನು "ಹೂಂ" ಎಂದೆ. "ಹೋಗಬೇಡಿ" ಎನ್ನಲು ಒಂದು ಕ್ಷಣ ಸಾಕಿತ್ತು. ಹೇಳಲಿಲ್ಲ.

ಮೇಲೆ ಬಂದರೆ ಹಾಸಿಗೆ ಒಣಗಿತ್ತು. ಸಕ್ಕರೆ ಡಬ್ಬಿ ತುಂಬಿತ್ತು. ಟೈಲ್ಸ್ ಒರೆಸೋಣವೆಂದು ಬಟ್ಟೆ ಒದ್ದೆ ಮಾಡಿಕೊಂಡೆ. ಕೈ ಏಳಲೇ ಇಲ್ಲ. ಅವರ ಗುಂಡಗಿನ ಅಕ್ಷರದ ಎದುರು ನಿಂತು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ.

ಸಂಜೆ ಐದಕ್ಕೆ ಬೆಲ್ ಆಯಿತು. ಬಾಗಿಲು ತೆಗೆದರೆ ಮಾವ, ಪಕ್ಕದಲ್ಲಿ ಟ್ರಂಕು! ಬೆವರು ಇಳಿಯುತ್ತಿತ್ತು.

"ಅಜ್ಜ, ಕ್ಯಾ ಹುವಾ?" ಮಗಳು ಓಡಿಬಂದಳು.

"ಹದಿನೇಳನೇ ಮಹಡಿ ಮಾರಾಯ್ತಿ. ಕಿಟಕಿ ತೆಗೆದರೆ ಬರೀ ಆಕಾಶ. ಚಹಾ ಮಾಡಿಕೊಂಡೆ, ಸಕ್ಕರೆ ಮುಗಿಯಿತು ಎಂದು ಹೇಳಲಿಕ್ಕೆ ಒಂದು ಜನ ಇಲ್ಲ." ಆಮೇಲೆ ನನ್ನ ಮುಖ ನೋಡದೆ, ಚಪ್ಪಲಿ ಬಿಡುತ್ತಾ ಅಂದರು, "ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳ್ತೇನೆ. ದಾದರಿನ ಮೂವತ್ತು ಬೇಡ, ನಾನು ನೂರೈವತ್ತನ್ನೇ ಆರಿಸಿಕೊಂಡಿದ್ದೇನೆ. ದಾರಿ ಬಿಡು ಮಗಳೇ, ಸುಸ್ತಾಗಿ ಮನೆಗೆ ಬಂದಿದ್ದೇನೆ."

ರಾತ್ರಿ ಊಟದ ಹೊತ್ತಿಗೆ ಟ್ರಂಕು ಖಾಲಿಯಾಗಿತ್ತು, ಅಂಗಿಗಳೆಲ್ಲ ನಮ್ಮ ಕಪಾಟಿನಲ್ಲಿದ್ದವು. ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಿದ್ದಿತ್ತು. ಯಾಕೆ ಇಲ್ಲಿ ಎಂದು ನಾನು ಕೇಳಲಿಲ್ಲ.