ಸೋಮವಾರದ ಡಬಲ್ ಸೀಟ್ ಕೇಸು

ಪೊಲೀಸರು ಕಳ್ಳನ ಬೆನ್ನು ಹತ್ತುವುದನ್ನು ನೀವು ನೋಡಿರಬೇಕು. ತಪ್ಪು ಮಾಡಿದವನೇ ಕೋರ್ಟಿನ ಬೆನ್ನು ಹತ್ತಿ, "ನನ್ನ ಕೇಸ ಎಲ್ಲೈತಿ, ತಗೀರಿ ಹೊರಗ" ಅಂತ ಊರೂರು ಅಡ್ಡಾಡಿದ್ದನ್ನು ನೋಡಿದ್ದೀರೇನು? ನಾನು ನೋಡಿದ್ದೇನೆ. ನೋಡದೆ ಏನು ಮಾಡಲಿ, ಆ ಮಹಾನುಭಾವರನ್ನು ಕಟ್ಟಿಕೊಂಡವಳೇ ನಾನು!

ಹೆಸರು ಮಾತ್ರ ಕೇಳಬೇಡ್ರಿ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಅವರು ನನ್ನ ಜೀವ ತಿಂದ ಪರಿ ನೋಡಿದರೆ ದಿನಕ್ಕೆ ಹತ್ತು ಸಲ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೇ ಇಲ್ಲಿಯೂ ಅವರು ಬರೇ "ನಮ್ಮ ಮನೆಯವರು".

ನಮ್ಮ ಮನೆಯವರಿಗೆ ಎರಡು ಹುಚ್ಚು. ಒಂದು ಸೈಕಲ್. ಎರಡನೆಯದು ಸೋಮವಾರ. ಸೋಮವಾರ ಹೊತ್ತು ಮೂಡಿದಾಗಿನಿಂದ ಹೊತ್ತು ಮುಳುಗುವವರೆಗೆ ಮಾತಾಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ಮಂಗಳವಾರವೂ ಹೇಳುತ್ತಿರಲಿಲ್ಲ. ಚೀಟಿ ಬರೆದು ತೋರಿಸ್ರಿ ಅಂದರೆ, "ಬರಿಯೋದೂ ಮಾತ" ಅಂತ ಅವರ ವಾದ. ಹಾಗಾದರೆ ಮನೆ ನಡೆಯುವುದು ಹೇಗೆ? ಸೈಕಲ್ಲಿನ ಘಂಟೆ ಬಿಚ್ಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು! ಒಂದು ಸಲ ಹೊಡೆದರೆ ನೀರು. ಎರಡು ಸಲ ಹೊಡೆದರೆ ರೊಟ್ಟಿ. ಮೂರು ಸಲ ಹೊಡೆದರೆ ಸಾಕು, ಬಡಿಸಬೇಡ. ನಮ್ಮ ಓಣಿಯ ನಾಯಿಗಳಿಗೆ ಕೂಡ ಗೊತ್ತಿತ್ತು, ಎರಡು ಘಂಟೆ ಕೇಳಿದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು.

ಕನ್ನಡ ನಾಡು ಒಂದಾಗಿ ಎರಡು ಮೂರು ವರ್ಷ ಆಗಿತ್ತು. ದುಂಡಸಿ ಹತ್ತಿರದ ಸಣ್ಣ ಹಳ್ಳಿ ನಮ್ಮದು. ಒಂದು ಸೋಮವಾರ ನನ್ನ ದವಡೆ ಹಲ್ಲು ನೋಯತೊಡಗಿತು. ಗಲ್ಲ ಊದಿ ತೆಂಗಿನಕಾಯಿ ಆಯಿತು. ಬಸ್ಸು ಹೋಗಿಬಿಟ್ಟಿತ್ತು. ನಮ್ಮ ಮನೆಯವರು ಸೈಕಲ್ಲಿನ ಹಿಂದೆ ಕೌದಿ ಮಡಿಚಿ ಕಟ್ಟಿ, ಘಂಟೆ ಹೊಡೆದು, ಕೈ ಮಾಡಿ ತೋರಿಸಿದರು: ಏರು! ಊರ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ನಾಚಿಕೆ ಇತ್ತು, ಆದರೆ ಹಲ್ಲು ನೋವಿನ ಮುಂದೆ ನಾಚಿಕೆ ಯಾವ ಲೆಕ್ಕ?

ಶಿಗ್ಗಾಂವಿ ಮುಟ್ಟಿ ದೊಡ್ಡ ರಸ್ತೆಗೆ ಬಂದೆವೋ ಇಲ್ಲವೋ, ಪೊಲೀಸಪ್ಪ ಅಡ್ಡ ಕೈ ಹಿಡಿದ. ಒಂದು ಸೈಕಲ್ ಮೇಲೆ ಇಬ್ಬರು ಕೂಡುವುದು ಆಗ ಅಪರಾಧ.

"ಡಬಲ್ ಸೀಟ್ ಹೊಂಟೀಯೇನಪಾ? ಹೆಸರೇನು?"

ನಮ್ಮ ಮನೆಯವರು ಆಕಾಶ ನೋಡಿದರು.

"ಏ, ನಿನಗ ಕೇಳಾಕತ್ತೇನಿ. ಮೂಕ ಅದೀಯೇನು?"

"ಮೂಕ ಅಲ್ಲರಿ. ಇವತ್ತ ಸೋಮಾರ ರಿ," ಅಂದೆ ನಾನು, ಊದಿದ ಗಲ್ಲ ಹಿಡಿದುಕೊಂಡು.

"ಸೋಮಾರ ಆದ್ರ? ಹೋಗ್ಲಿ, ನೀನರ ಹೇಳವಾ, ನಿನ್ನ ಗಂಡನ ಹೆಸರೇನು?"

ನಾನು ನೆಲ ನೋಡಿದೆ. ಅವನಿಗೆ ಬೆವರು ಬಂತು. "ಇದೇನ್ ಜೋಡಿ ಮಾರಾಯರ! ಒಬ್ಬಾಂವ ಮಾತಾಡಂಗಿಲ್ಲ, ಒಬ್ಬಾಕಿ ಹೆಸರು ಹೇಳಂಗಿಲ್ಲ. ನಾ ಬರೀಲಿ ಏನು, ನನ್ನ ಹೆಸರು ಬರ್ಕೊಳ್ಳಲೇನು?"

ಕನಿಕರ ಬಂದು, ಹೆಂಗಸರು ಹೇಳುವ ರೀತಿಯಲ್ಲಿ ಸುತ್ತಿ ಬಳಸಿ ಹೇಳಿದೆ. "ನಮ್ಮೂರ ಅಗಸಿ ಬಾಗಲ ಮುಂದ ಗುಡಿ ಐತೆಲ್ರಿ, ಆ ದೇವ್ರ ಹೆಸರ ಅವರದು."

"ಹಾಂ, ಇದನ್ನ ಮೊದ್ಲ ಹೇಳಬಾರದಾ! ಎಲ್ಲಾ ಊರ ಅಗಸಿಗೂ ಅವನ ನಿಂತಿರ್ತಾನ." ಊರು ಯಾವುದು ಅಂತಷ್ಟೇ ಕೇಳಿ, ಗೀಚಿ ಬುಕ್ಕು ಮುಚ್ಚಿದ. "ಸಮನ್ಸ ಬರ್ತೈತಿ, ನಡೀರಿ."

ಏನು ಬರೆದ ಅಂತ ಅವನು ಓದಲಿಲ್ಲ, ನಾವು ಕೇಳಲಿಲ್ಲ. ಅಂಜಿಕೆಗೆ ನನ್ನ ಹಲ್ಲು ನೋವು ಅಲ್ಲೇ ನಿಂತಿತು. ಡಾಕ್ಟರ ಮುಖ ನೋಡದೆ ಊರಿಗೆ ಬಂದೆವು. ನಡೆದುಕೊಂಡು!

ತಿಂಗಳಾಯಿತು, ಸಮನ್ಸು ಬರಲಿಲ್ಲ. ಬೇರೆಯವರಾಗಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದರು. ನಮ್ಮ ಮನೆಯವರಿಗೆ ಮಾತ್ರ ಊಟ ಸೇರದು.

"ಬರ್ತೈತಿ ಅಂದಿದ್ದಾ, ಬರಬೇಕು. ಸರ್ಕಾರದ ಮಾತು ಸುಳ್ಳ ಆಗಬಾರದು."

"ಬರಲಿಲ್ಲಂದ್ರ ಬಿಡ್ರಿ. ಕರೀದ ಬೀಗರ ಮನಿಗಿ ಯಾರರ ಹೋಕ್ಕಾರೇನು?"

"ತಪ್ಪ ಮಾಡಿದಾಂವ ನಾ. ಆ ತಪ್ಪ ಎಲ್ಲೋ ಒಂದ ಕಡೆ ನನ್ನ ಹೆಸರಿಲೆ ಕುಂತಿರಬೇಕು. ಹುಡುಕ್ತೇನಿ."

ಮರುದಿನ ಶಿಗ್ಗಾಂವಿ ಠಾಣೆಗೆ ಹೋದರು. ಕಾಗದ ಸವಣೂರ ಕೋರ್ಟಿಗೆ ಹೋಗಿದೆ ಅಂದರು. ಸವಣೂರಿಗೆ ಹೋದರು. ಅಲ್ಲಿನ ಕಾರಕೂನ ಬುಕ್ಕು ತೆಗೆದು, ಬೆರಳು ಇಟ್ಟು ಮೇಲಿಂದ ಕೆಳಗಿನ ತನಕ ಹುಡುಕಿ, "ನಿಮ್ಮ ಹೆಸರಿಲೆ ಏನೂ ಇಲ್ಲರಿ, ಖುಷಿಲೆ ಮನಿಗಿ ಹೋಗ್ರಿ" ಅಂದನಂತೆ. ಇವರು ಖುಷಿಪಡುವುದು ಬಿಟ್ಟು ಜಗಳಕ್ಕೆ ನಿಂತರು. "ಇಲ್ಲಂದ್ರ ಹೆಂಗರಿ? ಮಾಡಿದ್ದು ನಾನ! ಸರಿಯಾಗಿ ನೋಡ್ರಿ!" ಗಿಡದ ನೆರಳಿಗೆ ಕೂತಿದ್ದ ಯಾರೋ ಚೇಷ್ಟೆಗೆ, "ಹಾನಗಲ್ಲಿಗಿ ಹೋಗಿರಬೇಕು ತಗೋರಿ ನಿಮ್ಮ ಕೇಸು" ಅಂದ. ಇವರು ಅದನ್ನು ಖರೆ ಅಂತ ತಿಳಿದು ಹಾನಗಲ್ಲಿಗೂ ಸೈಕಲ್ ತುಳಿದರು! ಸವಣೂರಿನಿಂದ ಕೇಸು ಬರಲಿಲ್ಲ, ಒಂದು ಕಟ್ಟು ವೀಳ್ಯದೆಲೆ ಬಂತು. ಹಾನಗಲ್ಲಿನಿಂದ ಕೇಸು ಬರಲಿಲ್ಲ, ಒಂದು ಚೀಲ ಮಾವಿನಕಾಯಿ ಬಂತು. ಇನ್ನೆರಡು ಊರಲ್ಲಿ ಸಿಗದಿದ್ದರೆ ವರ್ಷದ ಉಪ್ಪಿನಕಾಯಿಗೆ ಬೇಕಾದದ್ದೆಲ್ಲ ಮನೆಗೆ ಬರುತ್ತಿತ್ತು. ಸಿಗದೇ ಇರಲಪ್ಪಾ ಅಂತ ಬೇಡಿಕೊಂಡೆ.

ಒಂದು ಶನಿವಾರ ಸಂಜೆ ಬಾಜೂ ಮನೆಯ ಹನುಮಪ್ಪಣ್ಣ ಕಾಗದ ಹಿಡಿದುಕೊಂಡು ಓಡುತ್ತ ಬಂದ. ಇರುವೆ ಕಂಡರೆ ದಾರಿ ಬಿಟ್ಟು ನಡೆಯುವ ಮನುಷ್ಯ. "ತಂಗೀ, ನನಗ ಕೋರ್ಟಿಂದ ಸಮನ್ಸ ಬಂದೈತಿ. ಸೈಕಲ್ ಮ್ಯಾಲ ಹೆಣ್ಮಗಳನ್ನ ಕುಂಡ್ರಿಸಿಕೊಂಡು ಹೊಂಟಿದ್ನಂತ! ನನಗ ಸೈಕಲ್ ಹೊಡಿಯಾಕರ ಎಲ್ಲಿ ಬರ್ತೈತಿ? ನಿಮ್ಮ ವೈನಿ ಒಳಗ ಕುಂತು ಅಳಾಕತ್ತಾಳ, ಯಾರಾಕಿ ಆಕಿ ಅಂತ!"

ನನಗೆ ಆಗ ಹೊಳೆಯಿತು. ಎಲ್ಲ ಊರ ಅಗಸಿಯಲ್ಲೂ ಹನುಮಪ್ಪ ನಿಂತಿರುತ್ತಾನೆ. ನಮ್ಮೂರ ಅಗಸಿಯಲ್ಲಿ ಮಾತ್ರ ಬೇರೆ ದೇವರು! ಪೊಲೀಸಪ್ಪ ತನ್ನೂರ ಅಗಸಿಯ ದೇವರನ್ನು ಬರೆದುಕೊಂಡಿದ್ದ. ನಮ್ಮೂರಿಗೆ ಹನುಮಪ್ಪ ಅಂತ ಇದ್ದವನು ಇವನೊಬ್ಬನೇ.

ನಗುವ ಮಾತಾಗಿರಲಿಲ್ಲ ಅದು. ಬರುವ ಶುಕ್ರವಾರ ಅವನ ಮಗಳನ್ನು ನೋಡಲು ಹಿರೇಕೆರೂರಿನಿಂದ ಗಂಡಿನವರು ಬರುವವರಿದ್ದರು. ಯಾವಳನ್ನೋ ಸೈಕಲ್ ಮೇಲೆ ಕೂಡಿಸಿಕೊಂಡು ಕೋರ್ಟು ಹತ್ತಿದವನ ಮಗಳು ಅಂದರೆ ಅವರು ಚಹಾ ಕುಡಿಯದೆ ಎದ್ದು ಹೋಗುತ್ತಿದ್ದರು.

ನಮ್ಮ ಮನೆಯವರು ಎದ್ದು ನಿಂತರು. "ಅಣ್ಣಾ, ಕೇಸ ನಂದು. ಎಷ್ಟ ಹುಡುಕಿದ್ರೂ ಸಿಗಲಿಲ್ಲ, ನಿನ್ನ ಮನ್ಯಾಗ ಐತಿ! ನನ್ನ ಹೆಸರಿಗೆ ಮಾಡಿಸಿಕೊಳ್ತೇನಿ. ತಾರೀಖ ಯಾವಾಗ ಐತಿ?"

"ನಾಡದ. ಸೋಮಾರ."

ನಮ್ಮ ಮನೆಯವರು ಮೆಲ್ಲಗೆ ಕೂತರು.

ಭಾನುವಾರ ಇಡೀ ದಿನ ಬೈದೆ. "ಒಂದ ಸೋಮಾರ ಮಾತಾಡಿದ್ರ ಏನ್ ಜಗತ್ತ ಮುಳಗತೈತಿ? ಅದು ಹೆಣ್ಣ ಹುಡಿಗಿ ಬಾಳೇವು!" ಅವರು "ಮಾತಾಡ್ತೇನಿ" ಅಂತ ಒಂದೇ ಮಾತು ಅಂದರು. ಮುಖ ಮಾತ್ರ ಸುಟ್ಟ ರೊಟ್ಟಿಯ ಹಾಗಾಗಿತ್ತು.

ಸೋಮವಾರ ಮೂವರೂ ಸವಣೂರಿಗೆ ಬಸ್ಸಿನಲ್ಲಿ ಹೋದೆವು. ಕೋರ್ಟಿನ ಪಟ್ಟೆವಾಲಾ ಬಾಗಿಲಲ್ಲಿ ನಿಂತು, "ಹನುಮಪ್ಪ ಹಾಜರ್?" ಅಂತ ಕೂಗಿದ. ಹನುಮಪ್ಪಣ್ಣ ನನ್ನ ಹಿಂದೆ ಸರಿದ. ನಮ್ಮ ಮನೆಯವರು ರೂಢಿಯಂತೆ ಕಿಸೆಗೆ ಕೈ ಹಾಕಿ "ಟ್ರಿಣ್!" ಅನಿಸಿದರು. ಕೋರ್ಟಿನೊಳಗೆ ಸೈಕಲ್ ತಂದವರು ಯಾರು ಅಂತ ಎಲ್ಲರೂ ಬಾಗಿ ಬಾಗಿ ಹುಡುಕಿದರು!

ಶಿಗ್ಗಾಂವಿಯ ಪೊಲೀಸಪ್ಪನೂ ಬಂದಿದ್ದ. ಹನುಮಪ್ಪಣ್ಣನನ್ನು ನೋಡಿ ಅವನೇ ಗಾಬರಿಯಾದ. "ಸಾಹೇಬ್ರ, ಇಂವಾ ಅಲ್ರಿ. ಅಂವಾ, ಆ ಘಂಟಿಯಾಂವ!"

ಹನುಮಪ್ಪಣ್ಣ ಧೈರ್ಯ ಮಾಡಿ ನಮ್ಮ ಮನೆಯವರ ಹೆಸರು ಹೇಳಿದ. ಜಡ್ಜ್ ಸಾಹೇಬರು ಒಪ್ಪಲಿಲ್ಲ. "ನಿನ್ನ ಹೆಗಲ ಮೇಲಿಂದು ಇನ್ನೊಬ್ಬನ ಹೆಗಲಿಗೆ ದಾಟಿಸ್ತೀಯಾ? ಅವತ್ತು ಸೈಕಲ್ ಮೇಲಿದ್ದ ಇಬ್ಬರೊಳಗೆ ಒಬ್ಬರು ಬಾಯಿಬಿಟ್ಟು ಹೇಳಲಿ. ಇಲ್ಲದಿದ್ದರೆ ಮುಂದಿನ ತಿಂಗಳ ತಾರೀಖು."

ಮುಂದಿನ ತಿಂಗಳಂತೆ! ಶುಕ್ರವಾರ ಗಂಡಿನವರು ಬರುತ್ತಾರೆ.

ನಮ್ಮ ಮನೆಯವರ ಬೆನ್ನು ತಿವಿದೆ. ಅವರ ತುಟಿ ಅಲುಗಿತು. ನನ್ನ ಕಡೆ ತಿರುಗಿದರು. ಹೊರಟು ನಿಂತವರನ್ನು ಕಡೆಯ ಸಲ ನೋಡಿದ ಹಾಗೆ ನೋಡಿದರು. ಗುಡ್ಡದಂಥ ಮನುಷ್ಯ, ಕಣ್ಣು ತುಂಬಿಬಿಟ್ಟಿತ್ತು. ಯಾಕೆ ಅಂತ ತಿಳಿಯಲಿಲ್ಲ. ಆದರೆ ಈ ಬಾಯಿ ತೆರೆಯಬಾರದು ಅಂತ ಅಷ್ಟು ತಿಳಿಯಿತು. ಸೆರಗು ಹೊದ್ದುಕೊಂಡು ಮುಂದೆ ಬಂದು, ನಮ್ಮ ಮನೆಯವರ ಹೆಸರು ನಾನೇ ಹೇಳಿದೆ. ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಕೂಡಿಸಿ, ಕೋರ್ಟು ಗಪ್ಪಾಗುವಷ್ಟು ದೊಡ್ಡದಾಗಿ!

ಕಾರಕೂನ ಹಳೆಯ ಹೆಸರಿಗೆ ಗೀಟು ಹೊಡೆದು ಹೊಸದು ಬರೆದ. ದಂಡ ಕಟ್ಟಿದ್ದಾಯಿತು. ನಮ್ಮ ಮನೆಯವರು ಅಷ್ಟಕ್ಕೇ ಹೊರಟರೇನು? ಕೈ ಸನ್ನೆ ಮಾಡಿ ಬುಕ್ಕು ತಿರುಗಿಸಿಕೊಂಡು, ತಮ್ಮ ಹೆಸರು ಕಣ್ಣಾರೆ ಓದಿದ ಮೇಲೆಯೇ ಕಾಲು ಎತ್ತಿದರು. ಆ ಶುಕ್ರವಾರ ಹಿರೇಕೆರೂರಿನವರು ಚಹಾವನ್ನೂ ಕುಡಿದರು, ಕನ್ಯೆಯನ್ನೂ ಒಪ್ಪಿದರು.

ಕೋರ್ಟಿನ ಮರುದಿನ, ಮಂಗಳವಾರ ಬೆಳಿಗ್ಗೆ, ರೊಟ್ಟಿ ಬಡಿಯುತ್ತಿದ್ದೆ. ಬಂದು ಒಲೆಯ ಮುಂದೆ ಕೂತರು.

"ನಿನ್ನ ಚೊಚ್ಚಲ ಹೆರಿಗ್ಯಾಗ ಸೂಲಗಿತ್ತಿ ಹೊರಗ ಬಂದು, ಇಕಿ ಉಳಿಯಂಗಿಲ್ಲ ಅಂದ್ಲು. ಅವತ್ತ ಸೋಮಾರ. ಇಕಿ ಉಳದ್ರ ಸೋಮಾರ ನಾ ಬಾಯಿ ತಗಿಯಂಗಿಲ್ಲ ಅಂತ ಹರಕಿ ಹೊತ್ತೆ."

ರೊಟ್ಟಿ ಹರಿಯಿತು. "ಇಷ್ಟ ದಿನಾ ಯಾಕ ಹೇಳಲಿಲ್ರಿ?"

"ಹೇಳಿದ್ರ ಹರಕಿ ಫಲಾ ಹೊಕ್ಕೈತಂತ."

"ಮತ್ತ ಈಗ ಹೇಳಿದ್ರೆಲಾ!"

"ನೀ ಹೆಸರು ಹೇಳಿ ನನ್ನ ಆಯುಷ್ಯ ಕಡಿಮಿ ಮಾಡಿದಿ. ನಾ ಹರಕಿ ಹೇಳಿ ನಿಂದು ಕಡಿಮಿ ಮಾಡಿದೆ. ಸಮ ಆತು. ಕೂಡೇ ಹೋಗೂನು ತಗೋ."

ಕೂಡಿ ಎಲ್ಲಿಯದು? ಡಬಲ್ ಸೀಟಿಗೆ ದಂಡ ಕಟ್ಟಿದ್ದು ನೆನಪಿತ್ತೋ ಏನೋ, ಒಬ್ಬರೇ ಮುಂದೆ ಹೋದರು. ಅದು ಮಾತ್ರ ಬಹಳ ವರ್ಷಗಳ ಮೇಲೆ. ಆಯುಷ್ಯ ಕಡಿಮೆಯಾಗುವ ಮಾತು ಬರೇ ಸುಳ್ಳು ನೋಡ್ರಿ.

ಅವರ ಹರಕೆ ಅರ್ಧಕ್ಕೆ ನಿಂತಿತ್ತು. ಬಿಟ್ಟ ಕೆಲಸ ಕಂಡರೆ ನನಗಾಗದು. ಈಗ ಸೋಮವಾರ ನಾನು ಮಾತಾಡುವುದಿಲ್ಲ. ಘಂಟೆ ಮಗ್ಗುಲಲ್ಲೇ ಇದೆ. ಒಂದು ಸಲ ಹೊಡೆದರೆ ಸೊಸೆ ನೀರು ತರುತ್ತಾಳೆ, ಎರಡು ಸಲ ಹೊಡೆದರೆ "ಈಗರ ಉಂಡೀರೆಲಾ ಅತ್ತೀ" ಅಂತಾಳೆ. ಇವತ್ತೂ ಸೋಮವಾರವೇ, ಅದಕ್ಕೇ ಕೂತು ಇಷ್ಟೆಲ್ಲ ಬರೆದೆ. ಬರೆಯುವುದೂ ಮಾತೇ ಅಂತಿದ್ದರು ಅವರು. ಇದ್ದರೆ ಬಂದು ಜಗಳ ಮಾಡಲಿ.

ಹೆಸರು ಮಾತ್ರ ಬರೆದಿಲ್ಲ. ಅದನ್ನು ಒಂದು ಸಲ ಹೇಳಿದ್ದೇನೆ, ಸವಣೂರ ಕೋರ್ಟಿನ ಬುಕ್ಕಿನಲ್ಲಿದೆ. ಬೇಕಾದವರು ಹೋಗಿ ಹುಡುಕಿಕೊಳ್ರಿ.