ಹೊನ್ನೂರಪ್ಪನ ಒಂಟಿ ಸೀನು

ಸೀನು ಬರುವುದು ಮನುಷ್ಯನ ಕೈಯಲ್ಲಿಲ್ಲ. ಹೊನ್ನೂರಪ್ಪನ ವಾದ ಇಷ್ಟೇ. ಆದರೆ ಈ ಘನವಾದ ವಾದವನ್ನು ಅವನು ಯಾರ ಮುಂದೆಯೂ ಮಂಡಿಸುವಂತಿರಲಿಲ್ಲ. ಯಾಕೆಂದರೆ ಅವನು ಸೀನಿದ್ದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲೂ ಕೂಡದಾಗಿತ್ತು.

ಅವನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ಹದ ನೋಡುವವನು. ಚೀಲಕ್ಕೆ ಕೈ ಹಾಕಿ ನಾಲ್ಕು ಕಾಳು ತೆಗೆದು ಹಲ್ಲಿನ ನಡುವೆ ಕಡಿದರೆ ಸಾಕು, ಇದಕ್ಕೆ ಇನ್ನೂ ಎಷ್ಟು ಬಿಸಿಲು ಬೇಕೆಂದು ಹೇಳಿಬಿಡುತ್ತಿದ್ದ. ಇಪ್ಪತ್ತು ವರ್ಷ ತೌಡಿನ ಧೂಳು ಕುಡಿದ ಮೂಗು ದಿನಕ್ಕೆ ಹತ್ತು ಸಲ ಸೀನುತ್ತಿತ್ತು. ಆದರೆ ಯಾವಾಗಲೂ ಜೋಡಿ ಸೀನು. ಜೋಡಿ ಸೀನಿಗೆ ದೋಷವಿಲ್ಲ. ಒಂಟಿ ಸೀನು ಬಿತ್ತೋ, ಹೊಸ್ತಿಲು ದಾಟುತ್ತಿದ್ದವರು ಒಳಗೆ ಬಂದು ಕೂತು, ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಹೊರಡಬೇಕು. ಹೊನ್ನೂರಪ್ಪನ ಮನೆಯಲ್ಲಿ ಇದು ಕಾಯಿದೆ.

ಕಾಯಿದೆ ಇಷ್ಟು ಬಿಗಿಯಾಗಲು ಕಾರಣ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ. ಹೊನ್ನೂರಪ್ಪನ ಹೆಂಡತಿ ಪಕೀರಮ್ಮನ ಅಣ್ಣನ ಮಗಳು ಹುಲಗೆಮ್ಮ ಬೇವೂರಿನಿಂದ ಓದಲು ಬಂದು ಇವರ ಮನೆಯಲ್ಲೇ ಇದ್ದಳು. ಬುಟ್ಟಿಗೆ ಚೆಂಡು ಹಾಕುವುದರಲ್ಲಿ ಅವಳ ಸಮಾನರು ಆ ಸೀಮೆಯಲ್ಲೇ ಇರಲಿಲ್ಲ. ಕಾಲೇಜಿನ ಮೈದಾನ ಇವರ ಹಿತ್ತಲ ಗೋಡೆಗೆ ಹತ್ತಿಕೊಂಡೇ ಇದ್ದುದರಿಂದ ಪಂದ್ಯಕ್ಕೆ ಹೊರಡುವ ದಿನ ಎಂಟೂ ಹುಡುಗಿಯರು ಇಲ್ಲಿಗೆ ಬಂದು, ಪಕೀರಮ್ಮನ ಕೈಯಿಂದ ಮೊಸರು ಸಕ್ಕರೆ ತಿಂದು ಹೋಗುತ್ತಿದ್ದರು. ಮೂರು ವರ್ಷ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಅದು ತನ್ನ ಮೊಸರಿನ ಮಹಿಮೆ ಎಂದು ಪಕೀರಮ್ಮ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬೇರೆಯವರು ಹೇಳಿದರೆ ಬೇಡ ಎನ್ನುತ್ತಲೂ ಇರಲಿಲ್ಲ.

ಅಭಿಮಾನಿಗಳ ಮಂಡಳಿಗೆ ಅವಳೇ ಅಧ್ಯಕ್ಷೆ, ಅವಳೇ ನ್ಯಾಯಾಧೀಶೆ. ಬಳೆ ಅಂಗಡಿಯ ಉಮರಸಾಬ ಒಮ್ಮೆ ಹುಡುಗಿಯರು ಹೊರಟಾಗ ಎದುರಿಗೆ ಬಂದು, ಎಲ್ಲಿಗೆ ಹೊಂಟೀರಿ ಎಂದು ಕೇಳಿಬಿಟ್ಟಿದ್ದ. ಅಂದು ತಂಡ ಗೆದ್ದಿತ್ತು, ಆದರೆ ಒಬ್ಬಳ ಕಾಲು ಉಳುಕಿತ್ತು. ಉಮರಸಾಬನಿಗೆ ಅಂದಿನಿಂದ ಮೈದಾನ ಬಂದ್. ಕಾಲು ಉಳುಕಿಸಿದವನಿಗೇ ಹೀಗಾದರೆ ಸೋಲಿಸಿದವನಿಗೆ ಏನು ಗತಿ? ಪಂದ್ಯ ನೋಡುವುದೊಂದು ಬಿಟ್ಟರೆ ಹೊನ್ನೂರಪ್ಪನಿಗೆ ಜೀವನದಲ್ಲಿ ಬೇರೆ ಚಟವಿರಲಿಲ್ಲ. (ಎಲೆ ಅಡಿಕೆ ಇತ್ತು, ಅದನ್ನು ಯಾರೂ ಚಟ ಎನ್ನುವುದಿಲ್ಲ.)

ಎಂಬತ್ತಮೂರನೆಯ ಇಸವಿಯ ದೀಪಾವಳಿ ಮುಗಿದ ವಾರ, ಶನಿವಾರ ಬೆಳಿಗ್ಗೆ ಕೊಪ್ಪಳಕ್ಕೆ ಹೊರಟಾಗ ಅದು ಬಂತು. ಮುಂದಿದ್ದ ಹುಡುಗಿಯ ಕಾಲು ಹೊಸ್ತಿಲ ಮೇಲಿತ್ತು. ಹೊನ್ನೂರಪ್ಪ ಟವೆಲ್ಲನ್ನು ಬಾಯಿಗೆ ತುರುಕಿ ಸೀನನ್ನು ಅದರೊಳಗೆ ಮುಗಿಸಿ, ಮೇಲೆ ನಾಲ್ಕು ಸಲ ಕೆಮ್ಮಿ ಮುಚ್ಚಿಹಾಕಿದ. ಬಸ್ಸಿಗೆ ಹೊತ್ತಾಗಿತ್ತು. ಇನ್ನೊಂದು ಹೇಗೂ ಬರುತ್ತದಲ್ಲ ಎಂದು ಕಾದ. ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಸೂರ್ಯನನ್ನು ನೋಡಿದ, ಟವೆಲ್ಲಿನ ಮೂಲೆಯನ್ನು ಬತ್ತಿ ಹೊಸೆದು ಮೂಗಿಗೆ ಹಾಕಿದ. ಮೂಗು ಕಲ್ಲಾಗಿತ್ತು.

ಎದುರಾಳಿಗಳು ಕುಷ್ಟಗಿಯ ಹುಡುಗಿಯರು. ಹಿಂದಿನ ವರ್ಷವಷ್ಟೇ ಚೆಂಡು ಮುಟ್ಟಿದವರು. ಅವರ ಮೇಲೆ ಗೆಲ್ಲುವುದೂ ಒಂದು ಗೆಲುವೇ ಎಂದು ನಕ್ಕುಕೊಂಡು ಹೋಗಿದ್ದರು. ಒಂದೇ ಒಂದು ಅಂಕದಿಂದ ಸೋತರು. ಕೊನೆಯ ಸೀಟಿ ಊದಿದ ಗಳಿಗೆಯಲ್ಲಿ ಮೈದಾನವೆಲ್ಲ ಮೌನವಾಯಿತು, ಆ ಮೌನದಲ್ಲಿ ಹೊನ್ನೂರಪ್ಪನ ಎರಡನೆಯ ಸೀನು ಬಂತು. ಯಾರೋ ಒಳಗೆ ಕೂತು ಹೊತ್ತು ನೋಡಿ ಬಿಟ್ಟಂತಿತ್ತು. ಅವನ ಮೈಮೇಲೆ ಮುಳ್ಳು ಎದ್ದವು.

ಮರುದಿನ ಭಾನುವಾರ. ಬೆಳಿಗ್ಗೆಯೇ ಕರೆಂಟು ಹೋಗಿ ಊರಿನ ಗಿರಣಿಗಳೆಲ್ಲ ನಿಂತವು. ಹಗಲೂ ರಾತ್ರಿ ಆ ಸದ್ದಿನಲ್ಲೇ ಬದುಕುವ ಜನಕ್ಕೆ ಅದು ನಿಂತರೆ ಕಿವಿಯೊಳಗೆ ಏನೋ ಬಿದ್ದುಹೋದಂತೆ. ಹೊನ್ನೂರಪ್ಪನ ಮನೆಯಲ್ಲಿ ಒಲೆ ಹತ್ತಿರಲಿಲ್ಲ. ರೇಡಿಯೊದ ಮುಖ ಗೋಡೆಗೆ ತಿರುಗಿತ್ತು. ಹುಲಗೆಮ್ಮ ನಿನ್ನೆ ಬಂದವಳೇ ಒಳಕೋಣೆಯಲ್ಲಿ ಮುಸುಕು ಹಾಕಿ ಮಲಗಿದ್ದಳು, ಕರೆದರೆ ಓ ಎನ್ನಲಿಲ್ಲ. ಪಕೀರಮ್ಮ ಒಂದು ಮಾತೂ ಆಡದೆ ಮನೆ ತುಂಬ ಓಡಾಡುತ್ತಿದ್ದಳು. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಹೆಂಡತಿ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಹೊನ್ನೂರಪ್ಪ ಕಂಡಿರಲಿಲ್ಲ. ಬೈದಿದ್ದರೆ ಅವನಿಗೆ ಜೀವ ಬರುತ್ತಿತ್ತು.

ಅಷ್ಟರಲ್ಲಿ ಹಿತ್ತಲ ಗೋಡೆಯ ಆಚೆಯಿಂದ ಒಂದು ಸದ್ದು ಕೇಳತೊಡಗಿತು. ದಬ್. ದಬ್. ದಬ್. ಆಮೇಲೆ ಸುಮ್ಮನೆ. ಮತ್ತೆ ದಬ್. ಮೈದಾನದಲ್ಲಿ ಚೆಂಡು ಪುಟಿಯುತ್ತಿತ್ತು. ಭಾನುವಾರ ಕಾಲೇಜಿನ ಗೇಟಿಗೆ ಬೀಗ. ಪಕ್ಕದ ಮನೆಯ ಜಿಲಾನಿ (ಸೈಕಲ್ ಅಂಗಡಿಯವನು, ಮಂಡಳಿಯ ಹಿರಿಯ ಸದಸ್ಯ) ಹೋಗಿ ನೋಡಿ ಬಂದ. ಬೀಗ ಬೀಗದಂತೆಯೇ ಇತ್ತು. ಆಟದ ಅಂಕಣ ಕಾಲೇಜು ಕಟ್ಟಡದ ಹಿಂದಿದ್ದುದರಿಂದ ಗೇಟಿನಿಂದ ಏನೂ ಕಾಣಲಿಲ್ಲ, ಕೂಗಿದರೆ ಯಾರೂ ಉತ್ತರ ಕೊಡಲಿಲ್ಲ, ಸದ್ದು ಮಾತ್ರ ನಿಲ್ಲಲಿಲ್ಲ. ಹಿತ್ತಲ ಗೋಡೆ ಹತ್ತಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ಇದನ್ನು ಹೇಳುವಾಗ ಜಿಲಾನಿ ಪಿಸುಮಾತಿನಲ್ಲಿ ಹೇಳಿದ.

ಪಕೀರಮ್ಮ ಎದ್ದಳು. ಉಪ್ಪು, ಒಣ ಮೆಣಸಿನಕಾಯಿ ಹಿಡಿದು ಒಳಕೋಣೆಯ ಬಾಗಿಲಲ್ಲೇ ನಿಂತು, ಮುಸುಕಿನ ಕಡೆಗೆ ಮೂರು ಸಲ ದೃಷ್ಟಿ ಇಳಿತೆಗೆದು, ಕೆಂಡ ಮಾಡಿ ಅದರ ಮೇಲೆ ಸುರಿದಳು. ಮೆಣಸಿನಕಾಯಿ ಸುಟ್ಟು ಕಪ್ಪಾದವು. ಘಾಟು ಬರಲಿಲ್ಲ. ಯಾರೂ ಕೆಮ್ಮಲಿಲ್ಲ. ಅಷ್ಟು ಹತ್ತಿರ ನಿಂತ ಹೊನ್ನೂರಪ್ಪನಿಗೆ ಆಗಲಾದರೂ ಒಂದು ಸೀನು ಬರಬೇಕಿತ್ತು, ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಗಟ್ಟಿಯಾಗಿಯೇ ತಗುಲಿದೆ ಎಂದು ಅರ್ಥ. ಪಕೀರಮ್ಮ ಜಿಲಾನಿಗೆ, ನಿಮ್ಮ ಅವ್ವನ್ನ ಕರಕೊಂಡು ಬಾ ಎಂದಳು.

ಜಿಲಾನಿಯ ತಾಯಿ ಹುಸೇನಬೀ ಅಕ್ಕಿಯ ಮೇಲೆ ಮಂತ್ರ ಓದಿ ಊದಿ ಕೊಡುವವಳು. ಓಣಿಯಲ್ಲಿ ಬೆಂಡೋಲೆ ಕಳೆದರೆ, ಕೋಳಿ ಮಾಯವಾದರೆ, ಅನುಮಾನವಿದ್ದವರನ್ನೆಲ್ಲ ಸಾಲಾಗಿ ಕೂರಿಸಿ ಹಿಡಿ ಅಕ್ಕಿ ಅಗಿಯಲು ಕೊಡುತ್ತಿದ್ದಳು. ತಪ್ಪು ಮಾಡಿದವನ ಬಾಯಲ್ಲಿ ಅಕ್ಕಿ ನೆನೆಯುವುದಿಲ್ಲ, ಒಣ ಹಿಟ್ಟಾಗಿ ಬೀಳುತ್ತದೆ. ಆಕೆಯ ಒಂದು ಕಣ್ಣಿಗೆ ಪೊರೆ ಬಂದಿತ್ತು, ಆ ಬಿಳಿ ಕಣ್ಣೇ ಹೆಚ್ಚು ನೋಡುತ್ತದೆ ಎಂದು ಎಲ್ಲರ ನಂಬಿಕೆ. ಆಕೆ ಬಂದು ಬಾಗಿಲು ಮುಚ್ಚಿಸಿದಳು, ಕೆಂಡಕ್ಕೆ ಲೋಬಾನದ ಧೂಪ ಹಾಕಿಸಿದಳು. ಅಕ್ಕಿ ಅಗಿಯುವವರೆಗೆ ಯಾರೂ ನೀರು ಕುಡಿಯಬಾರದು ಎಂದಳು. ಹೊಗೆಯಲ್ಲಿ ಆ ಕಣ್ಣು ಒಬ್ಬೊಬ್ಬರ ಮೇಲೂ ನಿಂತು, ಹೊನ್ನೂರಪ್ಪನ ಮೇಲೆ ಸ್ವಲ್ಪ ಹೆಚ್ಚಿಗೆ ನಿಂತಂತೆ ಅವನಿಗೆ ಅನ್ನಿಸಿತು.

ಅಕ್ಕಿ ಮತ್ತು ಎಂಜಲಿನ ಸಂಬಂಧ ಹೊನ್ನೂರಪ್ಪನಷ್ಟು ಬಲ್ಲವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಈಗ ತನ್ನ ಬಾಯಿ ಕಣದ ನೆಲದಂತೆ ಒಣಗಿದೆ ಎಂಬುದು ಅವನಿಗೆ ಕಾಳು ಹಾಕದೆಯೇ ಗೊತ್ತಾಯಿತು. ಮೈದಾನ, ಹುಲಗೆಮ್ಮ ಚೆಂಡು ಎತ್ತುವಾಗ ಊರೇ ಉಸಿರು ಹಿಡಿಯುವ ಆ ಗಳಿಗೆ, ಎಲ್ಲವೂ ಕೈಬಿಟ್ಟು ಹೋಗುತ್ತಿರುವುದು ಅವನಿಗೆ ಕಂಡಿತು. ಆಗ ಅವನಿಗೆ ಒಂದು ಮಹೋನ್ನತ ಉಪಾಯ ಹೊಳೆಯಿತು. ಚಾಪೆ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಗಡಿಗೆಯಿಂದ ಲಿಂಬೆ ಗಾತ್ರದ ಹುಣಸೆಹಣ್ಣು ತೆಗೆದು ನಾಲಿಗೆಯ ಕೆಳಗೆ ಒತ್ತಿಕೊಂಡ. ಬಾಯಲ್ಲಿ ಕಾಲುವೆ ಬಿಟ್ಟಂತಾಯಿತು.

ಸಾಲಿನಲ್ಲಿ ನಾಲ್ವರು: ಜಿಲಾನಿ, ಕರೆ ಹೋಗಿ ಬಂದ ಮಂಡಳಿಯ ಇನ್ನೊಬ್ಬ ಸದಸ್ಯ ಶಾಲೆಯ ಮಾಸ್ತರ ಹೇಮಪ್ಪ, ಪಕೀರಮ್ಮ, ಕೊನೆಗೆ ಹೊನ್ನೂರಪ್ಪ. ಹುಸೇನಬೀ ಹಿಡಿ ಹಿಡಿ ಅಕ್ಕಿ ಕೊಟ್ಟಳು. ಅಗಿಯುವ ಕರಕರ ಸದ್ದು, ಹಿತ್ತಲಾಚೆ ದಬ್ ದಬ್, ಬೇರೇನೂ ಇಲ್ಲ. ಉಗುಳಿ ಎಂದಾಗ ಎಲ್ಲರೂ ತಮ್ಮ ತಮ್ಮ ಮುತ್ತುಗದ ಎಲೆಯ ಮೇಲೆ ಉಗುಳಿದರು.

ಜಿಲಾನಿಯದು ಒಣ ಹಿಟ್ಟು. ಶುಕ್ರವಾರ ಕ್ಷೌರ ಮಾಡಿಸಿಕೊಂಡಿದ್ದೆ, ನನ್ನಿಂದಲೇ ಸೋತರು ಎಂದು ಅವನು ತಲೆ ಹಿಡಿದುಕೊಂಡ. ಹೇಮಪ್ಪನದೂ ಒಣ ಹಿಟ್ಟು. ಆಟ ಶುರುವಾಗುವ ಮೊದಲೇ ಗೆದ್ದೆವೆಂದು ನಾಲ್ಕು ಜನರ ಮುಂದೆ ಹೇಳಿದ್ದನ್ನು ಅವನು ಒಪ್ಪಿಕೊಂಡ. ಪಕೀರಮ್ಮನ ಎಲೆಯಂತೂ ಅಕ್ಕಿಯಾಡಿಸಿದ ಮೊರದಂತಿತ್ತು. ಆರನೆಯ ಹುಡುಗಿಗೆ ಎಡಗೈಲೆ ಮೊಸರು ಹಾಕಿದೆ ಎಂದು ಆಕೆ ಸೆರಗು ಬಾಯಿಗಿಟ್ಟು ಅತ್ತಳು. ಹೆಂಡತಿಯೂ ತನ್ನ ಹಾಗೆಯೇ ರಾತ್ರಿಯಿಡೀ ನಿದ್ದೆಗೆಟ್ಟಿದ್ದಳೆಂದು ಹೊನ್ನೂರಪ್ಪನಿಗೆ ಆಗ ತಿಳಿಯಿತು. ಅವಳ ಮೇಲೆ ಮಮತೆ ಉಕ್ಕಿ ಏನೋ ಹೇಳಬೇಕೆಂದುಕೊಂಡ, ಆದರೆ ಬಾಯಿ ತೆರೆಯುವ ಸ್ಥಿತಿಯಲ್ಲಿರಲಿಲ್ಲ.

ಹುಸೇನಬೀ ಅವನ ಎಲೆಯ ಮೇಲೆ ಬಾಗಿದಳು. ಅಲ್ಲಿ ಅಂಬಲಿಯಂಥ ಏನೋ ಹರಿಯುತ್ತಿತ್ತು. ಬಣ್ಣ ಕಂದು.

"ನಿನ್ನಿ ಸಂಜಿಯಿಂದ ಈ ಮನ್ಯಾಗ ಯಾರೂ ಉಂಡಿಲ್ಲ," ಎಂದಳು ಆಕೆ ನಿಧಾನವಾಗಿ. "ಹುಡುಗ್ಯಾರ ಸಂಕಟಕ್ಕ ಎಲ್ಲಾರ ಬಾಯಿ ಒಣಗ್ಯಾವ. ನಿಂದಷ್ಟ ಹೆಂಗ ಹಸಿ ಐತಿ ಹೊನ್ನೂರಪ್ಪಾ?"

ಎಲ್ಲರೂ ತಿರುಗಿ ನೋಡಿದರು. ಆ ಹೊತ್ತಿಗೆ ಸರಿಯಾಗಿ ಹೊರಗೆ ದಬ್ ದಬ್ ನಿಂತಿತು. ಹಿತ್ತಲ ಗೋಡೆಯಿಂದ ಯಾರೋ ಧುಮುಕಿದರು. ಹೆಜ್ಜೆಯ ಸಪ್ಪಳ ಹಿಂಬಾಗಿಲಿಗೆ ಬಂತು. ಒಳಕೋಣೆಯಲ್ಲಿ ಮುಸುಕು ಹಾಕಿದ್ದು ಹಾಗೆಯೇ ಮಲಗಿತ್ತು, ಹಿಂಬಾಗಿಲು ತಾನಾಗಿ ಸರಿಯಿತು, ಹೊಗೆಯ ನಡುವೆ ಮಣ್ಣು ಮೆತ್ತಿಕೊಂಡ ಹುಲಗೆಮ್ಮ ನಿಂತಿದ್ದಳು. ಹೊನ್ನೂರಪ್ಪನ ಕಣ್ಣು ಒಳಕೋಣೆಗೂ ಬಾಗಿಲಿಗೂ ಎರಡು ಸಲ ಓಡಿತು. ಹುಣಸೆಹಣ್ಣು ಉಂಡೆಯಾಗಿಯೇ ಹೊರಗೆ ಬಿತ್ತು, ಅದರ ಹಿಂದೆ ಸತ್ಯವೂ ಬಿತ್ತು.

"ನಾನ ಸೀನಿದೆ," ಎಂದು ಅವನು ಕೈಮುಗಿದ. "ಒಂದ ಸಲ. ಟವೆಲ್‌ದಾಗ ಸೀನಿದೆ. ಬಿಟ್ಟುಬಿಡ್ರಿ ನನ್ನ."

ಹುಲಗೆಮ್ಮ ಕಂಕುಳಲ್ಲಿದ್ದ ಚೆಂಡನ್ನು ನೆಲಕ್ಕಿಟ್ಟಳು. ಮುಸುಕಿನ ಕೆಳಗೆ ದಿಂಬು ಇಟ್ಟು ನಸುಕಿನಲ್ಲೇ ಗೋಡೆ ಹಾರಿ ಹೋಗಿದ್ದಳಂತೆ. ಜಿಲಾನಿ ಕೂಗಿದ್ದು ಕೇಳಿತ್ತಂತೆ, ಯಾರ ಮುಖ ನೋಡುವುದಕ್ಕೂ ಮನಸ್ಸಿರಲಿಲ್ಲವಂತೆ.

"ಕಡೀಗೆ ನನಗ ಎರಡು ಫ್ರೀ ಥ್ರೋ ಸಿಕ್ಕಿದ್ವು ಮಾಮಾ. ಅಡ್ಡ ಯಾರೂ ಇರಲಿಲ್ಲ, ಆದ್ರೂ ಎರಡೂ ಬುಟ್ಟಿಗೆ ಹಾಕದ ಬಿಟ್ಟೆ, ಅದಕ್ಕ ಸೋತ್ವಿ. ನೀವು ಸೀನಿದ್ದು ಚೆಂಡಿಗೇನ ಗೊತ್ತಾಗ್ತೈತಿ?"

ಹೊನ್ನೂರಪ್ಪನ ಕಣ್ಣು ತುಂಬಿ ಬಂದವು. ಓದಿದ ಹುಡುಗಿ, ವಿಚಾರವಂತೆ. ಆದರೆ ಪಕೀರಮ್ಮ ಆಗಲೇ ಸೆರಗು ಸಿಕ್ಕಿಸಿ ಎದ್ದಿದ್ದಳು. ಕ್ಷೌರ, ಬಾಯಿಬಡುಕತನ, ಎಡಗೈ ಇವೆಲ್ಲಕ್ಕೆ ಮಾಫಿ ಸಿಕ್ಕಿತು. ಸೀನಿದ್ದಕ್ಕೂ ಸಿಗುತ್ತಿತ್ತೇನೋ, ಆದರೆ ಮುಚ್ಚಿಟ್ಟದ್ದಕ್ಕೂ, ಹುಣಸೆಹಣ್ಣಿಗೂ ಸಿಗಲಿಲ್ಲ. ಮುಂದಿನ ಪಂದ್ಯಕ್ಕೆ ಅವನು ಮೈದಾನದ ದಿಕ್ಕಿಗೆ ತಲೆ ಹಾಕಬಾರದು, ಆಮೇಲಿನದನ್ನು ಆಮೇಲೆ ನೋಡೋಣ ಎಂದು ತೀರ್ಪಾಯಿತು.

ಮೂರು ವಾರಕ್ಕೆ ಅದೇ ಕುಷ್ಟಗಿಯ ಹುಡುಗಿಯರು ಗಂಗಾವತಿಗೇ ಬಂದರು. ಹೊನ್ನೂರಪ್ಪನನ್ನು ಗಿರಣಿಯ ಗೋದಾಮಿನಲ್ಲಿ ಚೀಲಗಳ ನಡುವೆ ಕೂರಿಸಿ ಪಕೀರಮ್ಮ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದಳು. ಅವನು ಅಲ್ಲಿ ಕೂತು ದೂರದ ಗದ್ದಲಕ್ಕೆ ಕಿವಿಯಾನಿಸಿ ಏಳು ಸಲ ಸೀನಿದ, ಏಳೂ ಒಂಟಿ. ಸಂಜೆ ಚಿಲಕ ತೆಗೆದವಳು ಹುಲಗೆಮ್ಮ. ಹತ್ತೊಂಬತ್ತು ಅಂಕದಿಂದ ಗೆದ್ದಿದ್ದರು, ಅವಳೊಬ್ಬಳೇ ಹದಿನೆಂಟು ಹಾಕಿದ್ದಳು. ಮಾವನ ಬಾಯಿಗೆ ಪೇಡೆ ಇಟ್ಟು, ಒಂದು ಫ್ರೀ ಥ್ರೋ ಸಹ ಬಿಡಲಿಲ್ಲ ಎಂದಳು.

ಅವನು ಪೇಡೆ ನುಂಗಿ, ಸುತ್ತ ಯಾರೂ ಇಲ್ಲದ್ದು ನೋಡಿ ಮೆಲ್ಲಗೆ ಕೇಳಿದ.

"ನಾ ಬಂದಿದ್ರೂ ಗೆಲ್ತಿದ್ರಿ, ಹೌದಿಲ್ಲವಾ?"

"ಗೆಲ್ತಿದ್ವಿ ಮಾಮಾ, ಅದರಾಗೇನೈತಿ," ಎಂದಳು ಹುಲಗೆಮ್ಮ. ಹೊರಗೆ ಹೋಗುತ್ತ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಅವನ ಮುಖ ನೋಡದೆ ಚಿಲಕವನ್ನು ಎರಡು ಸಲ ಆಡಿಸಿ ನೋಡಿದಳು.

"ಆದ್ರೂ ರಾಯಚೂರಿನ ಮ್ಯಾಚಿನ ದಿನಾನೂ ನೀವು ಇಲ್ಲೇ ಇರ್ರಿ."